ಕಿತ್ತಳೆ ಜಾಕೆಟ್‌ನ ಹೊಸಬರು: ಐಲ್ ಆಫ್ ಮ್ಯಾನ್ ಟಿಟಿಯಲ್ಲಿ ಮೊದಲ ವರ್ಷ

ಐಲ್ ಆಫ್ ಮ್ಯಾನ್ ಟಿಟಿ ರೇಸಿನ ಒಂದಾದ್ರೂ ವಿಡಿಯೋ ನೋಡದ ಬೈಕ್ ಪ್ರೇಮಿ ನಮ್ಮ ಕ್ಯಾಂಪಸ್‌ನಲ್ಲಿ ಸಿಗೋದು ಕಷ್ಟ. ಕಲ್ಲಿನ ಕಾಂಪೌಂಡ್, ಮನೆ ಗೇಟು, ಲೈಟ್ ಕಂಬ, ಇವುಗಳ ಪಕ್ಕದಲ್ಲೇ ಗಂಟೆಗೆ 300 ಕಿ.ಮೀ. ವೇಗದಲ್ಲಿ ಬೈಕ್ ಹಾದು ಹೋಗುತ್ತೆ. ನಾವು "ಇವರಿಗೆಲ್ಲ ತಲೆ ಕೆಟ್ಟಿದೆ ಗುರು" ಅಂತ ಹೇಳಿ ಮುಂದಿನ ವಿಡಿಯೋಗೆ ಹೋಗ್ತೀವಿ.

ಆದ್ರೆ ಒಂದು ಪ್ರಶ್ನೆ ಕೇಳಬೇಕಾದದ್ದು ಇದೆ. ಆ ವಿಡಿಯೋದಲ್ಲಿರೋ ಪ್ರತಿಯೊಬ್ಬ ರೈಡರ್ ಕೂಡ ಯಾವತ್ತೋ ಒಂದು ದಿನ ಆ ರಸ್ತೆಗೆ ಹೊಸಬನಾಗಿದ್ದ. ಮೊದಲನೇ ದಿನ ಏನು ಮಾಡಿದ? ಎಷ್ಟು ಸ್ಪೀಡಲ್ಲಿ ಹೋದ? ಯಾರು ಹೇಳಿಕೊಟ್ರು? ಇದನ್ನ ಹುಡುಕುತ್ತಾ ಹೋದ್ರೆ ಟಿಟಿ ಬಗ್ಗೆ ನಮಗಿರೋ ಕಲ್ಪನೆ ಉಲ್ಟಾ ಆಗುತ್ತೆ. ಅಲ್ಲಿ ಹೊಸಬರಿಗೆ ಮೊದಲು ಹೇಳಿಕೊಡೋದು ನಿಧಾನಕ್ಕೆ ಹೋಗೋದನ್ನ. ಧೈರ್ಯಕ್ಕಿಂತ ಹೆಚ್ಚಾಗಿ ಅಲ್ಲಿ ಬೇಕಾಗಿರೋದು ನೆನಪು.

ಇದು ಯಾವ ರಸ್ತೆ?

ಐಲ್ ಆಫ್ ಮ್ಯಾನ್ ಅನ್ನೋದು ಇಂಗ್ಲೆಂಡ್ ಮತ್ತು ಐರ್ಲೆಂಡ್ ಮಧ್ಯೆ ಸಮುದ್ರದಲ್ಲಿರೋ ಒಂದು ಚಿಕ್ಕ ದ್ವೀಪ. ಅದಕ್ಕೆ ಅದರದ್ದೇ ಪಾರ್ಲಿಮೆಂಟ್ ಇದೆ, ಹೆಸರು ಟಿನ್‌ವಾಲ್ಡ್. 1900ರ ದಶಕದ ಶುರುವಿನಲ್ಲಿ ಬ್ರಿಟನ್‌ನಲ್ಲಿ ವಾಹನಗಳ ವೇಗದ ಮಿತಿ ಗಂಟೆಗೆ 20 ಮೈಲಿ ಇತ್ತು. ರೇಸ್‌ಗೋಸ್ಕರ ರಸ್ತೆ ಮುಚ್ಚೋಕೆ ಅಲ್ಲಿನ ಕಾನೂನು ಬಿಡ್ತಿರಲಿಲ್ಲ. ಟಿನ್‌ವಾಲ್ಡ್ 1904ರಲ್ಲಿ ಒಂದು ಕಾನೂನು ಮಾಡಿ, ರೇಸ್‌ಗಾಗಿ ಸಾರ್ವಜನಿಕ ರಸ್ತೆ ಮುಚ್ಚೋಕೆ ಅವಕಾಶ ಕೊಡ್ತು. ಮೊದಲ ಟಿಟಿ ಅಂದ್ರೆ ಟೂರಿಸ್ಟ್ ಟ್ರೋಫಿ ಮೋಟಾರ್‌ಸೈಕಲ್ ರೇಸ್ ನಡೆದದ್ದು 1907ರಲ್ಲಿ. ಈಗಿನ ಬೆಟ್ಟದ ದಾರಿಗೆ, ಅಂದ್ರೆ ಮೌಂಟೇನ್ ಕೋರ್ಸ್‌ಗೆ, ರೇಸ್ ಬಂದದ್ದು 1911ರಲ್ಲಿ.

ಒಂದು ಲ್ಯಾಪ್ 37.73 ಮೈಲಿ, ಅಂದ್ರೆ 60.72 ಕಿ.ಮೀ. ಬೆಂಗಳೂರಿನಿಂದ ಹಳೇ ಮೈಸೂರು ರೋಡಲ್ಲಿ ಹೆಚ್ಚು ಕಡಿಮೆ ಚನ್ನಪಟ್ಟಣದ ತನಕ ಹೋದಷ್ಟು ದೂರ. ಅಷ್ಟು ಹೋದ್ರೆ ಅಲ್ಲಿ ಒಂದು ಲ್ಯಾಪ್ ಮುಗೀತು. ಅದರಲ್ಲಿ 219 ತಿರುವುಗಳಿವೆ ಅಂತ ಲೆಕ್ಕ. ರಾಜಧಾನಿ ಡಗ್ಲಸ್‌ನಲ್ಲಿ ಶುರು. ಮನೆಗಳ ಸಾಲಿನ ಮಧ್ಯೆ ಬ್ರೇ ಹಿಲ್ ಇಳಿಜಾರು. ಆಮೇಲೆ ಮರಗಳ ನೆರಳಿನ ಗ್ಲೆನ್ ಹೆಲೆನ್, ಕಿರ್ಕ್ ಮೈಕಲ್ ಹಳ್ಳಿಯ ಬೀದಿ, ಎರಡೂ ಚಕ್ರ ನೆಲ ಬಿಡೋ ಬಲ್ಲಾ ಸೇತುವೆ. ರ‍್ಯಾಮ್ಸೀ ಊರು ದಾಟಿದ ಮೇಲೆ ಸಮುದ್ರ ಮಟ್ಟದಿಂದ ಸುಮಾರು 420 ಮೀಟರ್ ಎತ್ತರದ ತನಕ ಹತ್ತಿ, ಮತ್ತೆ ಡಗ್ಲಸ್‌ಗೆ ಇಳಿಯಬೇಕು. ಕೆಳಗೆ ಬಿಸಿಲಿದ್ದಾಗ ಮೇಲೆ ಮಂಜು ಕವಿದಿರಬಹುದು. ಬಯಲಲ್ಲಿ ರಸ್ತೆ ಒಣಗಿದ್ರೂ ಮರದ ಕೆಳಗೆ ಇನ್ನೂ ಒದ್ದೆ ಇರಬಹುದು.

ಸಾಮಾನ್ಯ ರೇಸ್ ಟ್ರ್ಯಾಕ್ ಜೊತೆ ಹೋಲಿಸಿ ನೋಡಿ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿರೋ ಮದ್ರಾಸ್ ಸರ್ಕ್ಯೂಟ್ ಸುಮಾರು 3.7 ಕಿ.ಮೀ. ಅಲ್ಲಿ 60 ಕಿ.ಮೀ. ಓಡಿಸಿದ್ರೆ ಪ್ರತಿ ತಿರುವನ್ನೂ 16 ಸಲ ನೋಡ್ತೀರಿ. ಮೊದಲನೇ ಸಲ ತಪ್ಪಾದ್ರೆ ಎರಡು ನಿಮಿಷದೊಳಗೆ ಅದೇ ತಿರುವು ಮತ್ತೆ ಬರುತ್ತೆ, ಸರಿ ಮಾಡ್ಕೋಬಹುದು. ಟಿಟಿಯಲ್ಲಿ 60 ಕಿ.ಮೀ.ಗೆ ಒಂದು ತಿರುವು ಒಂದೇ ಸಲ ಬರುತ್ತೆ. ಅಷ್ಟರಲ್ಲಿ ಇನ್ನೂ 218 ತಿರುವು ದಾಟಿರ್ತೀರಿ.

ಕಣ್ಣಿಗೆ ಕಂಡಿದ್ದು ಸಾಲಲ್ಲ

ಸಿವಿಲ್ ಬ್ರಾಂಚಿನವರು ಹೈವೇ ಎಂಜಿನಿಯರಿಂಗ್‌ನಲ್ಲಿ ಸ್ಟಾಪಿಂಗ್ ಸೈಟ್ ಡಿಸ್ಟೆನ್ಸ್ ಓದ್ತಾರೆ. ಡ್ರೈವರ್‌ಗೆ ರಸ್ತೆಯಲ್ಲಿ ಏನಾದ್ರೂ ಕಂಡು, ಬ್ರೇಕ್ ಹಾಕಿ, ಗಾಡಿ ನಿಲ್ಲೋಕೆ ಬೇಕಾದಷ್ಟು ದೂರ ಅವನ ಕಣ್ಣಿಗೆ ಮೊದಲೇ ಕಾಣಬೇಕು ಅನ್ನೋದು ಅದರ ಅರ್ಥ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕದಲ್ಲಿ ಗಂಟೆಗೆ 80 ಕಿ.ಮೀ. ವೇಗಕ್ಕೆ ಇದು 120 ಮೀಟರ್.

ಈಗ ಟಿಟಿ ಬೈಕ್‌ಗೆ ಇದನ್ನೇ ಹಾಕೋಣ. ವೇಗ ಸೆಕೆಂಡಿಗೆ 80 ಮೀಟರ್ ಅಂತ ಇಟ್ಕೊಳ್ಳಿ, ಅಂದ್ರೆ ಗಂಟೆಗೆ 288 ಕಿ.ಮೀ. ಮುಂದೆ ಬರೋ ತಿರುವಿಗೆ ಸೆಕೆಂಡಿಗೆ 30 ಮೀಟರ್‌ಗೆ ಇಳಿಬೇಕು. ಸೂಪರ್‌ಬೈಕ್ ಎಷ್ಟೇ ಒಳ್ಳೇ ಬ್ರೇಕ್ ಇದ್ರೂ ಸುಮಾರು 1 ಜಿ ಗಿಂತ ಜಾಸ್ತಿ ವೇಗ ಇಳಿಸೋದು ಕಷ್ಟ, ಯಾಕಂದ್ರೆ ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತೆ. 80ರ ವರ್ಗದಿಂದ 30ರ ವರ್ಗ ಕಳೆದು, 2 × 9.81ರಿಂದ ಭಾಗಿಸಿ. ಸುಮಾರು 280 ಮೀಟರ್ ಬಂತು. ಕಣ್ಣು ನೋಡಿ ಕೈ ಬ್ರೇಕ್ ಹಿಡಿಯೋಕೆ 0.3 ಸೆಕೆಂಡ್ ಕೊಟ್ರೆ ಇನ್ನೂ 24 ಮೀಟರ್. ಒಟ್ಟು 304 ಮೀಟರ್.

ಆದ್ರೆ ಬೇಲಿ, ಗೋಡೆ, ಮರಗಳ ಮಧ್ಯೆ ಹೋಗೋ ಹಳ್ಳಿ ರಸ್ತೆಯಲ್ಲಿ 300 ಮೀಟರ್ ಎಲ್ಲಿ ಕಾಣುತ್ತೆ? ಮುಂದೆ 100 ಮೀಟರ್ ಕಂಡ್ರೆ, ಆ ವೇಗದಲ್ಲಿ ಅದು 1.25 ಸೆಕೆಂಡ್ ಅಷ್ಟೇ. ಅಂದ್ರೆ ತಿರುವು ಕಣ್ಣಿಗೆ ಬೀಳೋ ಹೊತ್ತಿಗೆ ಬ್ರೇಕ್ ಹಾಕೋ ಜಾಗ ಆಗಲೇ ಹಿಂದೆ ಹೋಗಿರುತ್ತೆ. ರೈಡರ್ ಬ್ರೇಕ್ ಹಾಕೋದು ತಿರುವು ಕಂಡಿದ್ದಕ್ಕಲ್ಲ, ಅಲ್ಲಿ ತಿರುವು ಇದೆ ಅಂತ ಗೊತ್ತಿರೋದಕ್ಕೆ.

ಇನ್ನೊಂದು ಲೆಕ್ಕ ನೋಡಿ. 500 ಮೀಟರ್ ತ್ರಿಜ್ಯದ ಒಂದು ಬಾಗು ಇದೆ ಅಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದ್ರೆ ಬೈಕ್ 3 ಡಿಗ್ರಿ ಚೂರು ವಾಲುತ್ತೆ, ಅದು ತಿರುವು ಅಂತ ಕೂಡ ಅನ್ಸಲ್ಲ. ಅದೇ ಬಾಗಿಗೆ 250 ಕಿ.ಮೀ. ವೇಗದಲ್ಲಿ ಬಂದ್ರೆ ಸುಮಾರು 44 ಡಿಗ್ರಿ ವಾಲಿಸಬೇಕು. ವೇಗ ನಾಲ್ಕು ಪಟ್ಟು ಆದಾಗ ಬೇಕಾದ ಬಲ ನಾಲ್ಕರ ವರ್ಗಕ್ಕೆ ಏರುತ್ತೆ, ಅಷ್ಟೇ ಕಾರಣ. ಮ್ಯಾಪ್‌ನಲ್ಲಿ ನೇರವಾಗಿ ಕಾಣೋ ರಸ್ತೆ ರೇಸ್ ವೇಗದಲ್ಲಿ ನೇರ ಇರಲ್ಲ.

ಹೋಂವರ್ಕ್ ಒಂದು ವರ್ಷದ್ದು

ಹಾಗಾಗಿ ಹೊಸಬರು ಟಿಟಿಗೆ ಸುಮ್ನೆ ಫಾರ್ಮ್ ತುಂಬಿ ಬರೋಕಾಗಲ್ಲ. ಬೇರೆ ರೇಸ್‌ಗಳಲ್ಲಿ ಓಡಿಸಿ ಮುಗಿಸಿದ ದಾಖಲೆ ಬೇಕು, ಮೌಂಟೇನ್ ಕೋರ್ಸ್‌ಗೇ ಅಂತ ಪ್ರತ್ಯೇಕ ಲೈಸೆನ್ಸ್ ಬೇಕು. ಆಯ್ಕೆಯಾದವರನ್ನ ರೇಸ್‌ಗೆ ತಿಂಗಳುಗಟ್ಟಲೆ ಮುಂಚೆಯೇ ದ್ವೀಪಕ್ಕೆ ಕರೆಸಿ, ಕಾರಲ್ಲಿ ಕೂರಿಸಿ, ಸುತ್ತಿಸುತ್ತಾರೆ. ಹೀಗೆ ಹೇಳಿಕೊಡೋರಲ್ಲಿ ಒಬ್ಬರು ರಿಚರ್ಡ್ ಕ್ವೇಲ್. ಇವರು ಅದೇ ದ್ವೀಪದವರು, 2002ರಲ್ಲಿ 400 ಸಿಸಿ ಲೈಟ್‌ವೇಟ್ ಟಿಟಿ ಗೆದ್ದವರು. ಮರುವರ್ಷ ಬಲ್ಲಾಸ್ಪರ್ ಅನ್ನೋ ಜಾಗದಲ್ಲಿ ಗೋಡೆಗೆ ತಾಗಿ ಭಯಂಕರವಾಗಿ ಬಿದ್ದು ಬದುಕಿದ್ರು. ಗೆಲುವು, ಅಪಘಾತ ಎರಡನ್ನೂ ಅದೇ ರಸ್ತೆಯಲ್ಲಿ ನೋಡಿದವರ ಹತ್ತಿರ ಪಾಠ ಹೇಳಿಸ್ಕೊಳ್ಳೋದು ಅಂದ್ರೆ ಅದರ ತೂಕ ಬೇರೆ.

ಮಿಕ್ಕ ಹೋಂವರ್ಕ್ ಮನೇಲಿ. ರೈಡರ್‌ಗಳ ಬೈಕ್ ಮೇಲಿನ ಕ್ಯಾಮೆರಾ ವಿಡಿಯೋಗಳನ್ನ ನೂರಾರು ಸಲ ನೋಡ್ತಾರೆ. 2018ರಲ್ಲಿ ಬಂದ ಟಿಟಿಯ ಅಧಿಕೃತ ವಿಡಿಯೋ ಗೇಮ್‌ನಲ್ಲೂ ಇಡೀ ಕೋರ್ಸ್ ಇದೆ. ನಾವು ಎಕ್ಸಾಂ ಹಿಂದಿನ ದಿನ ಗೇಮ್ ಆಡಿದ್ರೆ ಮನೇಲಿ ಬೈಗುಳ, ಇವರಿಗೆ ಅದು ಸಿಲಬಸ್!

ಕಲಿಯೋ ವಿಧಾನ ನಮಗೂ ಗೊತ್ತಿರೋದೇ. ಇಡೀ 60 ಕಿ.ಮೀ.ಯನ್ನ ತುಂಡು ತುಂಡು ಮಾಡ್ಕೊಂಡು ಓದೋದು. ಪ್ರತಿ ತುಂಡಿಗೂ ಗುರುತುಗಳು: ಒಂದು ಬಿಳಿ ಮನೆ, ಒಂದು ಗೇಟು, ಒಂದು ಕಂಬ, ಚರ್ಚ್ ಗೋಡೆಯ ಕೊನೆ. "ಈ ಗೇಟು ಬಂದಾಗ ಬ್ರೇಕ್, ಆ ಕಂಬ ಬಂದಾಗ ತಿರುಗು" ಅಂತ. ಕೋರ್ಸಿನ ಜಾಗಗಳಿಗೆ ಹೆಸರುಗಳೂ ಹಾಗೇ ಇವೆ: ಹನ್ನೊಂದನೇ ಮೈಲಿಗಲ್ಲು, ಮೂವತ್ತೆರಡನೇ ಮೈಲಿಗಲ್ಲು. 26ನೇ ಮೈಲಿಗಲ್ಲಿಗೆ ಈಗ 26 ಸಲ ಟಿಟಿ ಗೆದ್ದ ಜೋಯಿ ಡನ್‌ಲಪ್ ಹೆಸರಿದೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಬಹಳಷ್ಟು ತಿರುವುಗಳು ನೋಡೋಕೆ ಒಂದೇ ಥರ. ಎರಡು ಎಡ ತಿರುವು, ಎರಡಕ್ಕೂ ಪಕ್ಕದಲ್ಲಿ ಬೇಲಿ, ಎರಡರ ಆಚೆ ಏನಿದೆ ಅಂತ ಕಾಣಲ್ಲ. ಒಂದನ್ನ ಗ್ಯಾಸ್ ಬಿಡದೆ ದಾಟಬಹುದು, ಇನ್ನೊಂದಕ್ಕೆ ಎರಡು ಗೇರ್ ಇಳಿಸಬೇಕು. ರಸ್ತೆ ಸುಮಾರಾಗಿ ಗೊತ್ತಿದೆ ಅನ್ನೋ ಹಂತದಲ್ಲಿ ಅಪಾಯ ಜಾಸ್ತಿ. ಏನೂ ಗೊತ್ತಿಲ್ಲದವನು ಹೇಗೂ ನಿಧಾನಕ್ಕೇ ಹೋಗ್ತಾನೆ. ಅರ್ಧ ಗೊತ್ತಿರೋನಿಗೆ ಒಂದು ತಿರುವನ್ನ ಇನ್ನೊಂದು ಅಂದ್ಕೊಳ್ಳೋಷ್ಟು ಧೈರ್ಯ ಬಂದಿರುತ್ತೆ.

ಕಾರಲ್ಲಿ ಕಲಿತದ್ದಕ್ಕೂ ಮಿತಿ ಇದೆ. ರಸ್ತೆ ತೆರೆದಿರೋವಾಗ ಎಲ್ಲರ ಹಾಗೆ ಎಡಗಡೆಯಲ್ಲೇ ಹೋಗಬೇಕು. ರೇಸ್‌ನಲ್ಲಿ ಇಡೀ ರಸ್ತೆಯ ಅಗಲ ನಿಮ್ಮದು, ಹಾಗಾಗಿ ಕಾಣೋ ನೋಟವೇ ಬೇರೆ. ಕಾರಿನ ಸಸ್ಪೆನ್ಶನ್ ನುಂಗಿ ಹಾಕಿದ ಉಬ್ಬು, ರೇಸ್ ವೇಗದಲ್ಲಿ ಬೈಕನ್ನ ಗಾಳಿಗೆ ಎಸೆಯುತ್ತೆ. ಚಳಿಗಾಲದಲ್ಲಿ ನೋಡಿಟ್ಟುಕೊಂಡ ಗುರುತನ್ನ ಜೂನ್ ಹೊತ್ತಿಗೆ ಚಿಗುರಿದ ಎಲೆ ಮುಚ್ಚಿಬಿಟ್ಟಿರಬಹುದು.

ಮೊದಲ ಸುತ್ತು

ಮೇ ಕೊನೆಗೆ ಅಭ್ಯಾಸ ಶುರು. ಇದು ಊರಿನವರು ಓಡಾಡೋ ರಸ್ತೆ ಆಗಿರೋದ್ರಿಂದ ಅಭ್ಯಾಸ ಹೆಚ್ಚಾಗಿ ಸಂಜೆ, ರಸ್ತೆ ಮುಚ್ಚಿದ ಮೇಲೆ. ಮೊದಲ ಸುತ್ತಿಗೆ ಹೊಸಬರು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಅನುಭವಿ ರೈಡರ್‌ಗಳ ಹಿಂದೆ ಗುಂಪಾಗಿ ಹೊರಡ್ತಾರೆ. ವೇಗ ಮುಂದೆ ಹೋಗೋರ ಕೈಯಲ್ಲಿ. ಓವರ್‌ಟೇಕ್ ಮಾಡೋ ಹಾಗಿಲ್ಲ. ತಮ್ಮ ದೇಶದಲ್ಲಿ ಚಾಂಪಿಯನ್ ಆಗಿದ್ರೂ, ಇಲ್ಲಿ ಮೊದಲ ಸಲ ಅಂದ್ರೆ ಜಾಕೆಟ್ ಹಾಕಲೇಬೇಕು. ಮೊದಲ ಸಲ ಅವರಿಗೆ ಇಡೀ ರಸ್ತೆ ಕಾಣೋದು ಆವತ್ತೇ: ಎದುರು ಗಾಡಿ ಇಲ್ಲ, ಬಲಗಡೆ ಹೋಗಬಹುದು, ಸರಿಯಾದ ರೇಸಿಂಗ್ ಲೈನ್ ಎಲ್ಲಿದೆ ಅಂತ ಮುಂದಿನವರ ಚಕ್ರ ತೋರಿಸುತ್ತೆ.

ಆ ಸುತ್ತು ಮುಗಿದ ಮೇಲೆ ಒಬ್ಬೊಬ್ಬರೇ ಹೋಗಬೇಕು. ಡಗ್ಲಸ್‌ನಿಂದ ಮೊದಲು ದಾರಿ ಪಶ್ಚಿಮಕ್ಕೆ ಹೋಗುತ್ತೆ, ಸಂಜೆ ಸೂರ್ಯ ನೇರ ಕಣ್ಣಿಗೆ. ಒಂದು ಸಂಜೆಗೆ ಸಿಗೋದು ಕೆಲವೇ ಲ್ಯಾಪ್. ಬೆಟ್ಟದ ಮೇಲೆ ಮಂಜು ಬಂದ್ರೆ ಅದೂ ಇಲ್ಲ, ಯಾಕಂದ್ರೆ ರಕ್ಷಣಾ ಹೆಲಿಕಾಪ್ಟರ್ ಹಾರೋಕೆ ಆಗದಿದ್ರೆ ಬೈಕ್‌ಗಳನ್ನೂ ಬಿಡಲ್ಲ.

ಇನ್ನೊಂದು ಮೆಟ್ಟಿಲೂ ಇದೆ. ಅದೇ ಕೋರ್ಸ್‌ನಲ್ಲಿ ಆಗಸ್ಟ್‌ನಲ್ಲಿ ಮ್ಯಾಂಕ್ಸ್ ಗ್ರ್ಯಾಂಡ್ ಪ್ರಿ ಅಂತ ರೇಸ್ ನಡೆಯುತ್ತೆ. ಇದರ ಮೂಲ 1923ರಲ್ಲಿ ಅಮೆಚ್ಯೂರ್ ರೈಡರ್‌ಗಳಿಗೆ ಅಂತ ಶುರುವಾದ ಸ್ಪರ್ಧೆ. 1978ರಿಂದ ಅದರಲ್ಲಿ ಹೊಸಬರಿಗೇ ಅಂತ ಬೇರೆ ರೇಸ್ ಬಂತು. 1983ರ ಹೊಸಬರ 350 ಸಿಸಿ ರೇಸ್‌ನಲ್ಲಿ ರಾಬರ್ಟ್ ಡನ್‌ಲಪ್ ಮೊದಲು, ಸ್ಟೀವ್ ಹಿಸ್ಲಾಪ್ ಎರಡನೆಯವರು. ಹಿಸ್ಲಾಪ್ 1989ರಲ್ಲಿ ಟಿಟಿಯಲ್ಲಿ ಗಂಟೆಗೆ 120 ಮೈಲಿ ಸರಾಸರಿ ವೇಗದ ಲ್ಯಾಪ್ ಮಾಡಿದ ಮೊದಲ ರೈಡರ್ ಆದ್ರು.

ಪಕ್ಕದವನ ಜೊತೆ ಅಲ್ಲ ಸ್ಪರ್ಧೆ

ಮೋಟೋಜಿಪಿ ಥರ ಎಲ್ಲರೂ ಒಟ್ಟಿಗೆ ಸ್ಟಾರ್ಟ್ ಆಗಲ್ಲ. ರೇಸ್ ದಿನ 10 ಸೆಕೆಂಡಿಗೆ ಒಬ್ಬರಂತೆ ಬಿಡ್ತಾರೆ. ವೇಗದವರು ಮೊದಲ ನಂಬರ್‌ಗಳಲ್ಲಿ, ಹೊಸಬರು ಸಾಮಾನ್ಯವಾಗಿ ಹಿಂದೆ. ಒಟ್ಟು ಸಮಯ ಯಾರದ್ದು ಕಡಿಮೆಯೋ ಅವರೇ ಗೆದ್ದಂತೆ. ಹಾಗಾಗಿ ರಸ್ತೆಯಲ್ಲಿ ನಿಮ್ಮ ಮುಂದೆ ಇರೋನು ರೇಸ್‌ನಲ್ಲಿ ನಿಮಗಿಂತ ಹಿಂದೆ ಇರಬಹುದು.

ಹೊಸಬನಿಗೆ ಇದು ಒಂಥರಾ ಅನುಕೂಲ. ಸ್ಟಾರ್ಟ್ ಲೈನ್‌ನಲ್ಲಿ ಭುಜಕ್ಕೆ ಭುಜ ತಾಗಿಸೋ ಗಲಾಟೆ ಇಲ್ಲ, ತನ್ನ ಲೆಕ್ಕದಲ್ಲಿ ತಾನು ಹೋಗಬಹುದು. ಆದ್ರೆ ಹಿಂದಿನಿಂದ ಯಾರಾದ್ರೂ ವೇಗವಾಗಿ ಬಂದು ದಾಟಿದಾಗ ಅವರ ಹಿಂದೆಯೇ ಹೋಗೋಣ ಅನ್ಸುತ್ತೆ. ಒಂದೆರಡು ತಿರುವು ಹಿಂಬಾಲಿಸಿದ್ರೆ ಒಳ್ಳೇ ಪಾಠವೂ ಸಿಗುತ್ತೆ. ಆಮೇಲೂ ಬಿಡದೆ ಹೋದ್ರೆ, ಅವರ ನೆನಪನ್ನ ನಂಬ್ಕೊಂಡು ನಮ್ಮ ಬೈಕ್ ಓಡಿಸಿದ ಹಾಗೆ. ಅವರು ಕಣ್ಮರೆಯಾದ ಕ್ಷಣ ನಮ್ಮ ಹತ್ತಿರ ಇರೋದು ವೇಗ ಮಾತ್ರ.

ಹೊಸಬರಲ್ಲಿ ಬಹಳ ಜನರ ಗುರಿ ರೇಸ್ ಮುಗಿಸೋದು. ಗೆದ್ದವರ ಸಮಯಕ್ಕೆ ಇಂತಿಷ್ಟು ಹತ್ತಿರ ಬಂದ್ರೆ ಟ್ರೋಫಿಯ ಚಿಕ್ಕ ಪ್ರತಿಕೃತಿ ಕೊಡ್ತಾರೆ. 30ನೇ ಸ್ಥಾನದಲ್ಲಿ ಬಂದವರಿಗೂ ಅಲ್ಲಿ ಒಂದು ಲೆಕ್ಕ ಇದೆ.

56 ಸೆಕೆಂಡ್

ಕಲಿಕೆಗೆ ಎಷ್ಟು ಬೆಲೆ ಅಂತ ನಂಬರ್‌ನಲ್ಲಿ ನೋಡೋಕೆ ಪೀಟರ್ ಹಿಕ್‌ಮನ್ ಒಳ್ಳೇ ಉದಾಹರಣೆ. 2014ರಲ್ಲಿ ಮೊದಲ ಸಲ ಬಂದಾಗ ಅವರ ಅತಿ ವೇಗದ ಲ್ಯಾಪ್ ಗಂಟೆಗೆ 129.104 ಮೈಲಿ ಸರಾಸರಿ. ಅಲ್ಲಿಯ ತನಕ ಯಾವ ಹೊಸಬರೂ ಅಷ್ಟು ವೇಗ ಮುಟ್ಟಿರಲಿಲ್ಲ. 2022ರಲ್ಲಿ ಗ್ಲೆನ್ ಇರ್ವಿನ್ ತಮ್ಮ ಮೊದಲ ಟಿಟಿಯಲ್ಲಿ 129.849 ಮಾಡಿ ಅದನ್ನ ದಾಟಿದ್ರು. ಕೋವಿಡ್‌ನಿಂದ 2020, 2021ರ ಟಿಟಿ ರದ್ದಾಗಿತ್ತು.

ಹಿಕ್‌ಮನ್ 2023ರಲ್ಲಿ 136.358 ಮೈಲಿ ವೇಗದಲ್ಲಿ ಸಾರ್ವಕಾಲಿಕ ಲ್ಯಾಪ್ ದಾಖಲೆ ಮಾಡಿದ್ರು. ಸಮಯಕ್ಕೆ ಬದಲಾಯಿಸಿದ್ರೆ, 2014ರಲ್ಲಿ 17 ನಿಮಿಷ 32 ಸೆಕೆಂಡ್, 2023ರಲ್ಲಿ 16 ನಿಮಿಷ 36 ಸೆಕೆಂಡ್. ವ್ಯತ್ಯಾಸ 56 ಸೆಕೆಂಡ್. ಒಂಬತ್ತು ವರ್ಷದ ಕೆಲಸ ಅದು. ಬೈಕ್, ಟೈರ್ ಕೂಡ ಆ ಅವಧಿಯಲ್ಲಿ ಸುಧಾರಿಸಿವೆ, ನಿಜ. ಆದ್ರೂ 56 ಸೆಕೆಂಡನ್ನ 219 ತಿರುವುಗಳಿಗೆ ಹಂಚಿ ನೋಡಿ. ತಿರುವಿಗೆ ಕಾಲು ಸೆಕೆಂಡ್. ಹೊಸಬನಿಗೂ ದಾಖಲೆ ಮಾಡಿದವನಿಗೂ ಇರೋ ಅಂತರ ಸರಾಸರಿಯಲ್ಲಿ ಅಷ್ಟೇ! ಅದನ್ನ ಯಾರೂ ಒಂದೇ ತಿರುವಿನಲ್ಲಿ ಜಾಸ್ತಿ ಧೈರ್ಯ ಮಾಡಿ ಸಂಪಾದಿಸಲ್ಲ. ಒಂದು ಕಡೆ ಸ್ವಲ್ಪ ಮೊದಲು ಗ್ಯಾಸ್ ಕೊಡೋದು, ಇನ್ನೊಂದು ಕಡೆ ಬ್ರೇಕೇ ಮುಟ್ಟದೆ ಇರೋದು, ಹೀಗೆ ಜಮಾ ಆಗುತ್ತೆ.

ಜೆನ್ನಿ ಟಿನ್‌ಮೌತ್ 2009ರಲ್ಲಿ ಮೊದಲ ಸಲ ಬಂದು ಅದೇ ವರ್ಷ ಮಹಿಳೆಯರ ಲ್ಯಾಪ್ ದಾಖಲೆ ಮುರಿದ್ರು. ಮರುವರ್ಷ ಅದನ್ನ 119.945 ಮೈಲಿಗೆ ಏರಿಸಿದ್ರು.

ಕಲಿಯೋಕೆ ಬಿಡುವಿಲ್ಲದಿದ್ರೆ

ಇಷ್ಟೆಲ್ಲ ಎಚ್ಚರಿಕೆ ಸುಮ್ನೆ ಬಂದಿಲ್ಲ. 1911ರಲ್ಲಿ ಮೌಂಟೇನ್ ಕೋರ್ಸ್‌ಗೆ ಎಲ್ಲರೂ ಹೊಸಬರೇ. ಆ ವರ್ಷದ ಅಭ್ಯಾಸದಲ್ಲೇ ಗ್ಲೆನ್ ಹೆಲೆನ್ ಹತ್ತಿರ ವಿಕ್ಟರ್ ಸರಿಡ್ಜ್ ತೀರಿಕೊಂಡ್ರು. ಅಲ್ಲಿಂದ ಈಚೆಗೆ ಆ ಕೋರ್ಸ್‌ನಲ್ಲಿ 250ಕ್ಕೂ ಹೆಚ್ಚು ಜನ ಸತ್ತಿದ್ದಾರೆ.

1972ರ ಕಥೆ ಹೊಸಬರ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಆಗ ಟಿಟಿ ವಿಶ್ವ ಚಾಂಪಿಯನ್‌ಶಿಪ್‌ನ ಒಂದು ಸುತ್ತಾಗಿತ್ತು, ಅಂದ್ರೆ ಅಂಕ ಬೇಕಾದ್ರೆ ಅಲ್ಲಿಗೆ ಬರಬೇಕು. ಇಟಲಿಯ ಗಿಲ್ಬೆರ್ಟೋ ಪಾರ್ಲೊಟ್ಟಿ 125 ಸಿಸಿ ಚಾಂಪಿಯನ್‌ಶಿಪ್‌ನಲ್ಲಿ ಮುಂದಿದ್ರು, ಟಿಟಿಗೆ ಹೊಸಬರು. ಮಳೆಯಲ್ಲೇ ರೇಸ್ ನಡೀತು. ರೇಸ್‌ನಲ್ಲೂ ಮುಂದಿದ್ದಾಗ ಎರಡನೇ ಲ್ಯಾಪ್‌ನಲ್ಲಿ, ಬೆಟ್ಟದ ಮೇಲಿನ ವೆರಾಂಡಾ ಅನ್ನೋ ತಿರುವಿನಲ್ಲಿ ಬಿದ್ದು ತೀರಿಕೊಂಡ್ರು. ಅವರ ಗೆಳೆಯ, ಹತ್ತು ಸಲ ಟಿಟಿ ಗೆದ್ದ ಜಾಕೊಮೊ ಅಗೊಸ್ಟಿನಿ ಆ ವರ್ಷದ ಮೇಲೆ ಅಲ್ಲಿ ರೇಸ್ ಮಾಡಲಿಲ್ಲ. ಬೇರೆ ದೊಡ್ಡ ರೈಡರ್‌ಗಳೂ ಬಿಟ್ರು. 1976ರ ನಂತರ ಟಿಟಿಗೆ ಗ್ರ್ಯಾಂಡ್ ಪ್ರಿ ಸ್ಥಾನ ಹೋಯ್ತು. ಈಗ ಅಲ್ಲಿಗೆ ಬರೋರೆಲ್ಲ ತಾವೇ ಬೇಕು ಅಂತ ಬರೋರು, ಯಾವ ಚಾಂಪಿಯನ್‌ಶಿಪ್‌ನ ಅಂಕವೂ ಅವರನ್ನ ಎಳೆದು ತರಲ್ಲ.

ಹಾಗಂತ ಕಿತ್ತಳೆ ಜಾಕೆಟ್ ಬಂದ ಮೇಲೆ ಎಲ್ಲ ಸರಿಹೋಯ್ತು ಅನ್ನೋಕಾಗಲ್ಲ. 2022ರ ಒಂದೇ ಟಿಟಿ ಆರು ಜನರ ಪ್ರಾಣ ತಗೊಳ್ತು, ಅವರಲ್ಲಿ ಹೊಸಬರೂ ಇದ್ರು, ಅನುಭವಿಗಳೂ ಇದ್ರು. ಇದನ್ನ ನಿಲ್ಲಿಸಬೇಕಾ ಬೇಡ್ವಾ ಅನ್ನೋ ಚರ್ಚೆ ಪ್ರತಿ ವರ್ಷ ನಡೆಯುತ್ತೆ. ನನಗನ್ನಿಸೋದು ಇಷ್ಟು: ಹೊಸಬರ ತರಬೇತಿ ಆ ರಸ್ತೆಯನ್ನ ಸುರಕ್ಷಿತ ಮಾಡಲ್ಲ. ಗೋಡೆ ಗೋಡೆಯಾಗೇ ಇರುತ್ತೆ. ತರಬೇತಿ ಕೊಡೋದು ಆ ಗೋಡೆ ಎಲ್ಲಿದೆ ಅನ್ನೋ ಮಾಹಿತಿ, ಅದನ್ನ ಜೀರ್ಣಿಸಿಕೊಳ್ಳೋಕೆ ಸಮಯ.

ನಮ್ಮ ಕಡೆ

ನಮ್ಮಲ್ಲಿ ಡ್ಯೂಕ್, ಆರ್‌15 ಇಟ್ಕೊಂಡಿರೋರು ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೋ ಘಾಟಿಗೋ ಹೋಗಿ ಟಿಟಿ ಥರ ಓಡಿಸೋಣ ಅಂತಾರೆ. ಎಂಜಿನ್ ಶಬ್ದ ಬಿಟ್ರೆ ಬೇರೇನೂ ಹೋಲಿಕೆ ಇಲ್ಲ. ಅಲ್ಲಿ ರಸ್ತೆ ಮುಚ್ಚಿರುತ್ತೆ, ತಿರುವಿನಾಚೆ ಬಾವುಟ ಹಿಡಿದ ಮಾರ್ಷಲ್ ಇರ್ತಾರೆ. ನಮ್ಮ ತಿರುವಿನಾಚೆ ಕೆಎಸ್‌ಆರ್‌ಟಿಸಿ ಬಸ್ ಬರ್ತಿರುತ್ತೆ, ಅದು ಯಾರ ನೆನಪಲ್ಲೂ ಇರೋಕೆ ಸಾಧ್ಯ ಇಲ್ಲ. ಕಾನೂನು ಕೂಡ ಇದನ್ನೇ ಹೇಳುತ್ತೆ: ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡೋದು ಅಪರಾಧ.

ನಿಜವಾಗಲೂ ರೇಸ್ ಮಾಡೋ ಆಸೆ ಇರೋರಿಗೆ ಇರುಂಗಾಟ್ಟುಕೋಟೈ ಇದೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ. ಎಫ್‌ಎಂಎಸ್‌ಸಿಐ ಲೈಸೆನ್ಸ್ ತಗೊಂಡು ಹೊಸಬರ ವಿಭಾಗದಲ್ಲಿ ಶುರು ಮಾಡಬಹುದು. ಅಲ್ಲಿ ಒಂದೇ ತಿರುವು ದಿನಕ್ಕೆ ನೂರು ಸಲ ಬರುತ್ತೆ, ಕಲಿಯೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ಮುಂದಿನ ಟಿಟಿ ಬಂದಾಗ ಗೆಲ್ಲೋರ ವಿಡಿಯೋ ಜೊತೆಗೆ ಒಬ್ಬ ಹೊಸಬನ ಲ್ಯಾಪ್ ಸಮಯಗಳನ್ನೂ ಗಮನಿಸಿ. ಮೊದಲ ಸಂಜೆಯಿಂದ ಕೊನೆಯ ರೇಸ್ ತನಕ ಅದು ಹೇಗೆ ಇಳಿಯುತ್ತೆ ನೋಡಿ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಹಾಸ್ಟೆಲ್‌ನಿಂದ ಬಸ್ ಸ್ಟ್ಯಾಂಡ್ ತನಕ ಇರೋ ತಿರುವು, ಹಂಪ್, ಗುಂಡಿ ಎಲ್ಲವನ್ನೂ ಕ್ರಮವಾಗಿ, ನೆನಪಿನಿಂದಲೇ ಒಂದು ಹಾಳೆ ಮೇಲೆ ಬರೀರಿ. ದಿನಾ ಓಡಾಡೋ ರಸ್ತೆ ತಾನೇ. ಎಷ್ಟು ಬಿಟ್ಟಿದ್ದೀರಿ ಅಂತ ನಡೆದು ಹೋಗಿ ಚೆಕ್ ಮಾಡಿ, ಆಮೇಲೆ 219ರ ಬಗ್ಗೆ ಮಾತಾಡೋಣ.